ವ್ಯಸನವೆಂಬ ಎರಡರ್ಥದ ಮಾತು

ಕಳೆದ ವರ್ಷದ ಮಳೆಗಾಲದ ಒಂದು ಸಂಜೆ, ಕಂಪ್ಲಿಯ ಆಚೆಯ ಹಳ್ಳಿಯೊಂದರಿಂದ ಒಬ್ಬ ತಾಯಿ ಹೊಸಪೇಟೆಯ ನಮ್ಮ ಮನೆಯನ್ನು ಹುಡುಕಿಕೊಂಡು ಬಂದರು. ಅವರ ಮಗ ಹದಿಮೂರು ಹದಿನಾಲ್ಕು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕುಳಿತು ಕನ್ನಡ ಓದಿದವನು. ಹುಡುಗನ ಮುಖ ನನ್ನ ನೆನಪಿನಲ್ಲಿತ್ತು. ಹೆಸರನ್ನು ಆಕೆಯೇ ಹೇಳಬೇಕಾಯಿತು. ನಡುಮನೆಯಲ್ಲಿ ಕುಳಿತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, ಆಕೆ ಮೊದಲು ಆಡಿದ ಮಾತು ಇದು: “ನನ ಮಗ ಕುಡಿಯಂಗಿಲ್ರೀ ಸಾರ್. ಒಂದು ಬೀಡಿ ಸೈತ ಮುಟ್ಟಂಗಿಲ್ಲ. ಗುಳಿಗಿ ನುಂಗ್ತಾನ, ಅಷ್ಟ.”

ಆ ‘ಅಷ್ಟ’ ಎಂಬ ಮಾತಿನಲ್ಲಿ ಒಂದು ಸಮಾಧಾನವಿತ್ತು. ಕುಡಿಯುವವನೆಂಬ ಹೆಸರು ಮನೆತನಕ್ಕೆ ಬರಲಿಲ್ಲ, ಓಣಿಯಲ್ಲಿ ತೂರಾಡಿ ಬಿದ್ದವನಲ್ಲ ಎಂಬ ಸಮಾಧಾನ. ಆದರೆ ಕತ್ತಲಾಗುವ ಹೊತ್ತಿಗೆ ತಿಳಿದುಬಂದದ್ದೇನೆಂದರೆ, ಅವನು ದಿನಕ್ಕೆ ಹತ್ತು ಹನ್ನೆರಡು ಗುಳಿಗೆ ನುಂಗುತ್ತಿದ್ದ; ಸಿಗದ ದಿನ ಮೈಯೆಲ್ಲ ಮುರಿದಂತಾಗಿ, ಮೂಗು ಕಣ್ಣು ಸುರಿದು, ಹೊಟ್ಟೆ ಕೆಟ್ಟು ನೆಲದ ಮೇಲೆ ಹೊರಳಾಡುತ್ತಿದ್ದ; ತಾಯಿಯ ಬೆಂಡೋಲೆ, ತಾನೇ ದುಡಿದು ಕೊಂಡ ಮೋಟಾರ್ ಸೈಕಲ್ಲು, ಹಿತ್ತಿಲಿನಲ್ಲಿ ಕಟ್ಟಿದ್ದ ಎರಡು ಕುರಿ ಒಂದೊಂದಾಗಿ ಮನೆ ಬಿಟ್ಟಿದ್ದವು. ಸೊಸೆ ಮಗುವನ್ನೆತ್ತಿಕೊಂಡು ತವರಿಗೆ ಹೋಗಿ ಐದು ತಿಂಗಳಾಗಿತ್ತು.

ಕನ್ನಡದಲ್ಲಿ ‘ವ್ಯಸನ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಎರಡೂ ಸಂಸ್ಕೃತದಿಂದಲೇ ಬಂದವು. ಒಂದು ದುಃಖ, ಆಪತ್ತು. ಇನ್ನೊಂದು ಬಿಡಲಾಗದ ಕೆಟ್ಟ ಅಭ್ಯಾಸ. ಹಿರಿಯರೊಬ್ಬರು ತೀರಿಕೊಂಡರೆ ‘ವ್ಯಸನಪಡುತ್ತೇವೆ’ ಎಂದು ಹಿಂದಿನವರು ಬರೆಯುತ್ತಿದ್ದರು. ಜೂಜು ಮದ್ಯಗಳನ್ನು ಜೈನ ಗ್ರಂಥಗಳು ಸಪ್ತವ್ಯಸನಗಳ ಸಾಲಿನಲ್ಲಿಟ್ಟವು. ಮೂವತ್ತು ವರ್ಷ ಈ ಪದವನ್ನು ತರಗತಿಯಲ್ಲಿ ಬಿಡಿಸಿ ಹೇಳಿದವನು ನಾನು. ಎರಡರ್ಥಗಳು ಒಂದೇ ಮಾತಿನಲ್ಲಿ ಏಕೆ ಕೂಡಿದವೆಂದು ಒಮ್ಮೆಯೂ ಯೋಚಿಸಿದವನಲ್ಲ. ಆಡುಮಾತಿನಲ್ಲಂತೂ ನಾವು ದುಃಖದ ಅರ್ಥವನ್ನು ಕಳಚಿಹಾಕಿ ‘ಚಟ’ ಎಂಬ ಮಾತನ್ನು ಹಿಡಿದುಕೊಂಡಿದ್ದೇವೆ. ಚಟದಲ್ಲಿ ತಪ್ಪು ಮಾತ್ರ ಕಾಣುತ್ತದೆ, ನೋವು ಕಾಣುವುದಿಲ್ಲ. ಅಷ್ಟೇ ಅಲ್ಲ, ಯಾವುದು ಚಟ, ಯಾವುದು ಅಲ್ಲ ಎಂಬುದನ್ನು ನಾವು ನಿರ್ಣಯಿಸುವ ರೀತಿಯೂ ವಿಚಿತ್ರವಾದುದು. ಒಂದು ಅಮಲು ದೇಹಕ್ಕೂ ಮನೆಗೂ ಎಷ್ಟು ಹಾನಿ ಮಾಡುತ್ತದೆಂಬುದನ್ನು ನಾವು ಅಳೆಯುವುದಿಲ್ಲ. ಅದನ್ನು ಸೇವಿಸುವವರು ಯಾರು, ಎಲ್ಲಿ ಕುಳಿತು ಸೇವಿಸುತ್ತಾರೆ ಎಂಬುದನ್ನು ನೋಡಿ ಬೆಲೆ ಕಟ್ಟುತ್ತೇವೆ. ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಎಂಬ ಈ ನಾಲ್ಕು ಊರುಗಳ ನಡುವೆ ಆಯುಷ್ಯ ಕಳೆದವನಾಗಿ ನನಗೆ ಹಾಗೆ ತೋರುತ್ತದೆ.

ಹೊಸಪೇಟೆಯಲ್ಲಿ ಮಾದಕ ಪದಾರ್ಥದ ಮಾತೆತ್ತಿದರೆ ಎದುರಿಗಿದ್ದವರ ಕೈ ತಾನಾಗಿ ಹಂಪೆಯ ಕಡೆಗೆ ತೋರುತ್ತದೆ. ಹಂಪೆಯಲ್ಲಿ ಕೇಳಿದರೆ ಹೊಳೆಯ ಆಚೆಗೆ. ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿರುವ ವಿರೂಪಾಪುರ ಗಡ್ಡೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದು. ಬಹುಕಾಲ ಹರಿಗೋಲಿನಲ್ಲೋ ಸಣ್ಣ ದೋಣಿಯಲ್ಲೋ ಅಲ್ಲಿಗೆ ಹೋಗಬೇಕಿತ್ತು. ಗದ್ದೆಗಳ ನಡುವೆ ಗುಡಿಸಲಿನಂಥ ವಸತಿಗೃಹಗಳು ಎದ್ದು, ವಿದೇಶದ ಯುವಕ ಯುವತಿಯರು ತಿಂಗಳುಗಟ್ಟಲೆ ತಂಗುವ ಸ್ಥಳವಾಗಿ, ‘ಹಿಪ್ಪಿಗಳ ದ್ವೀಪ’ ಎಂದು ಅದು ಪ್ರಪಂಚದ ಪ್ರವಾಸಿಗರಲ್ಲಿ ಹೆಸರಾಯಿತು. ಅಲ್ಲಿ ಗಾಂಜಾ ಸೇದುತ್ತಿದ್ದರೆಂಬುದು ಗುಟ್ಟಾಗಿರಲಿಲ್ಲ. 2020ರ ಫೆಬ್ರವರಿ 11ರಂದು ಸರ್ವೋಚ್ಚ ನ್ಯಾಯಾಲಯ ಅಲ್ಲಿಯ ಅನಧಿಕೃತ ಕಟ್ಟಡಗಳನ್ನು ತೆರವು ಮಾಡುವ ನಿರ್ಣಯವನ್ನು ಎತ್ತಿಹಿಡಿಯಿತು. ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಯಂತ್ರಗಳು ಬಂದು ಅವನ್ನು ನೆಲಸಮ ಮಾಡಿದವು. ತೀರ್ಪು ಕುರಿತದ್ದು ಸಂರಕ್ಷಿತ ಪ್ರದೇಶದೊಳಗೆ ಎದ್ದ ಕಟ್ಟಡಗಳನ್ನು. ಊರಿನ ಕಿವಿಗೆ ಬಿದ್ದದ್ದು ಬೇರೆ. “ಗಾಂಜಾ ಹೋತು ಬಿಡ್ರಿ, ನಮ್ಮ ಹುಡುಗ್ರು ಉಳಿದ್ರು” ಎಂದು ನಮ್ಮ ಓಣಿಯ ಕಿರಾಣಿ ಅಂಗಡಿಯವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಹೀಗೆ ಹೇಳುವಾಗ ಅವರ ತಲೆಯ ಮೇಲೆ, ಹಗ್ಗಕ್ಕೆ ಕಟ್ಟಿದ ತೋರಣದಂತೆ, ಪಾನ್ ಮಸಾಲೆಯ ಚೀಟಿಗಳೂ ಅವುಗಳ ಪಕ್ಕದಲ್ಲೇ ತಂಬಾಕಿನ ಚೀಟಿಗಳೂ ತೂಗಾಡುತ್ತಿದ್ದವು. 2013ರ ಮೇ ತಿಂಗಳ ಕೊನೆಯಲ್ಲಿ ಕರ್ನಾಟಕ ಸರಕಾರ ಗುಟ್ಕಾವನ್ನು ನಿಷೇಧಿಸಿತಷ್ಟೆ. ಅಂದಿನಿಂದ ಎರಡನ್ನೂ ಬೇರೆ ಬೇರೆ ಚೀಟಿಯಲ್ಲಿ ಮಾರುತ್ತಾರೆ. ಬೆರೆಸಿಕೊಳ್ಳುವ ಶ್ರಮ ಕೊಳ್ಳುವವನದು.

ಗುಟ್ಕಾದ ಮಾತು ಬಂದುದರಿಂದ ಒಂದು ಹಳೆಯ ಸಂಗತಿ. ಹೆರಾತಿನ ಶಾರೂಖನ ದೂತನಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಇಲ್ಲಿಯ ತಾಂಬೂಲಕ್ಕೆ ಮಾರುಹೋದವನು. ಅದು ಮುಖಕ್ಕೆ ಕಳೆ ಕೊಟ್ಟು ಮದ್ಯದಂತೆ ಹಿತವಾದ ಅಮಲನ್ನೇರಿಸುತ್ತದೆಂದು ಅವನು ಬರೆದಿಟ್ಟಿದ್ದಾನೆ. ಹಂಪೆಯ ಅವಶೇಷಗಳ ನಡುವೆ ‘ಪಾನ್ ಸುಪಾರಿ ಬಜಾರು’ ಎಂಬ ಹೆಸರಿನ ಬೀದಿಯೂ ಉಂಟು. ರಜಾಕ್ ಮೆಚ್ಚಿದ್ದು ಹಸಿ ಎಲೆ, ಅಡಿಕೆ, ಸುಣ್ಣಗಳ ಮೇಳವನ್ನು. ಆ ಅಡಿಕೆಯೂ ನಿರಪರಾಧಿಯಲ್ಲವೆಂದು ಈಗಿನ ವೈದ್ಯಶಾಸ್ತ್ರ ಹೇಳುತ್ತದೆ. ಅದು ಬಾಯೊಳಗಿನ ತೊಗಲನ್ನು ಬಿಗಿಮಾಡುತ್ತ ಹೋಗುತ್ತದೆ. ಅದಕ್ಕೆ ತಂಬಾಕು ಸೇರಿದರೆ ಬಾಯಿಯ ಕ್ಯಾನ್ಸರಿಗೆ ದಾರಿ ಇನ್ನೂ ಸುಗಮ. ಎರಡು ಬೆರಳು ಬಾಯೊಳಗೆ ಹೋಗದೆ ಕಡೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಿದ್ದ ಹುಡುಗರನ್ನು ನಾನು ಕಂಡಿದ್ದೇನೆ. ಅವರನ್ನು ಮಾದಕವ್ಯಸನಿಗಳೆಂದು ಯಾರೂ ಕರೆಯಲಿಲ್ಲ.

ಗಾಂಜಾಕ್ಕೆ ಮರಳೋಣ. ವಿದೇಶದ ಯುವಕರು ಬರುವುದಕ್ಕೆ ಎಷ್ಟೋ ಮುಂಚೆಯೇ ಈ ಸೀಮೆಯಲ್ಲಿ ಚಿಲುಮೆ ಇತ್ತು. ಜಾತ್ರೆಗೆ ಬಂದ ಬೈರಾಗಿಗಳ ಕೈಯಲ್ಲಿ, ಅವಧೂತ ಪರಂಪರೆಯ ಕೆಲವು ಮಠಗಳಲ್ಲಿ ಅದು ಸಾಧನೆಯ ಹೆಸರಿನಲ್ಲಿ ನಡೆದುಬಂದಿತ್ತು. ಇದರ ಹಾನಿ ಎಷ್ಟೆಂದು ತಿಳಿಯಲು ಬ್ರಿಟಿಷ್ ಸರಕಾರ 1893ರಲ್ಲಿ ಒಂದು ಆಯೋಗವನ್ನೇ ನೇಮಿಸಿತ್ತು. 1,193 ಸಾಕ್ಷಿಗಳ ಹೇಳಿಕೆಗಳನ್ನು ಪಡೆದು, ಮಿತವಾದ ಸೇವನೆಯಿಂದ ದೊಡ್ಡ ಕೇಡಿಲ್ಲ, ಅತಿಯಾದದ್ದೇ ಕೇಡು, ನಿಷೇಧಕ್ಕಿಂತ ಹತೋಟಿ ಮೇಲು ಎಂದು ಅದು 1894ರಲ್ಲಿ ವರದಿ ಕೊಟ್ಟಿತು. ಈ ವರದಿಯನ್ನು ಇಂದಿನ ತರುಣರು ಬಹಳ ಉತ್ಸಾಹದಿಂದ ಎತ್ತಿಹೇಳುವುದುಂಟು. ಆದರೆ ಆಯೋಗ ಕಂಡದ್ದು ಬಹುಮಟ್ಟಿಗೆ ವಯಸ್ಸಾದವರ, ಕಟ್ಟುಪಾಡುಗಳೊಳಗಿನ ಸೇವನೆಯನ್ನು. ಈಗಿನ ಬೆಳೆಯಲ್ಲಿ ಮತ್ತೇರಿಸುವ ಅಂಶ ಹೆಚ್ಚು. ಸೇದುವವನ ವಯಸ್ಸು ಕಡಿಮೆ. ಮಿದುಳು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಅದಕ್ಕೆ ಮುಂಚೆ ದಿನವೂ ಸೇದುವವನಲ್ಲಿ ನೆನಪು ಕುಂದುವುದು, ಕಾರ್ಯಾಸಕ್ತಿ ಬತ್ತುವುದು ಕಂಡುಬರುತ್ತದೆ. ಮೊದಲೇ ಮನಸ್ಸಿನ ಕಾಯಿಲೆಯ ಒಲವುಳ್ಳವನಾದರೆ ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂಬ ಭ್ರಮೆ, ಇಲ್ಲದ ದನಿಗಳನ್ನು ಕೇಳುವುದು ಮೊದಲಾಗುತ್ತದೆ. ಅದನ್ನು ಹಗುರವಾಗಿ ಕಾಣುವ ಪಕ್ಷದವನಲ್ಲ ನಾನು. ಕಳ್ಳರನ್ನು ಹೊಳೆಯಾಚೆ ಹುಡುಕುತ್ತಿರುವಾಗ ಮನೆಯ ಹಿತ್ತಿಲ ಬಾಗಿಲು ತೆರೆದೇ ಇತ್ತು ಎಂಬುದಷ್ಟೇ ನನ್ನ ಮಾತು.

ಆ ಬಾಗಿಲಿನ ವಿಚಾರ ಹೇಳಬೇಕಾದರೆ ನನ್ನ ಬಾಲ್ಯಕ್ಕೆ ಹೋಗಬೇಕಾಗುತ್ತದೆ. ನನ್ನ ತಂದೆ ತುಂಗಭದ್ರಾ ಅಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರು. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದುದರಿಂದ, ಅಲ್ಲಿ ಜಾರಿಗೆ ಬಂದ ಪಾನನಿಷೇಧ ನಮಗೂ ಅನ್ವಯಿಸಿತ್ತು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ 1960ರ ದಶಕದ ಕೊನೆಯವರೆಗೆ ಮುಂದುವರಿಯಿತು. ನನ್ನ ಎಳವೆಯ ಊರಿನಲ್ಲಿ ಹೆಂಡದಂಗಡಿಯ ಹಲಗೆ ಇರಲಿಲ್ಲ. ಕುಡಿಯುವವರು ಇದ್ದರು. ಸೈಕಲ್ಲಿನ ಟ್ಯೂಬಿನಲ್ಲಿ ತುಂಬಿ ತರುವ ಕಳ್ಳಭಟ್ಟಿಯ ಕಥೆಗಳನ್ನು ನಾವು ಹುಡುಗರು ಸಾಹಸದ ಕಥೆಗಳಂತೆ ಕೇಳುತ್ತಿದ್ದೆವು. ನಮ್ಮ ಸಾಲಿನ ಮೂರನೆಯ ಮನೆಯಲ್ಲಿದ್ದ ಫಿಟ್ಟರೊಬ್ಬರು ಔಷಧಿ ಅಂಗಡಿಯಿಂದ ಶುಂಠಿಯ ಟಿಂಚರು ತಂದು ಕುಡಿಯುತ್ತಿದ್ದರು. ಅದು ಅಜೀರ್ಣಕ್ಕೆ ಕೊಡುವ ಔಷಧ. ಅದರಲ್ಲಿ ಮದ್ಯಸಾರದ ಪಾಲೇ ದೊಡ್ಡದು. “ಅವರಿಗೆ ಹೊಟ್ಟಿನೋವು ಪಾಪ” ಎಂದು ಅವರ ಹೆಂಡತಿ ನನ್ನ ತಾಯಿಯೊಡನೆ ಹೇಳುತ್ತಿದ್ದರು. ನನ್ನ ತಾಯಿಯೂ ಪಾಪವೆಂದೇ ತಲೆಯಾಡಿಸುತ್ತಿದ್ದರು. ಆ ಫಿಟ್ಟರು ನಲವತ್ತರ ಒಳಗೇ, ಹೊಟ್ಟೆ ಉಬ್ಬಿ, ಕಣ್ಣು ಅರಿಸಿನದಂತಾಗಿ ತೀರಿಕೊಂಡರು. ಅರವತ್ತು ವರ್ಷ ಕಳೆದು ಕಂಪ್ಲಿಯ ಕಡೆಯ ಆ ತಾಯಿ ‘ಗುಳಿಗಿ ನುಂಗ್ತಾನ, ಅಷ್ಟ’ ಎಂದಾಗ ನನಗೆ ಥಟ್ಟನೆ ನೆನಪಾದದ್ದು ಆ ಕಂದು ಬಣ್ಣದ ಶೀಶೆ.

ನಿಷೇಧ ಹೋಯಿತು, ಸಾರಾಯಿ ಬಂದಿತು. ಅದು ಪ್ಲಾಸ್ಟಿಕ್ಕಿನ ಪೊಟ್ಟಣಕ್ಕಿಳಿದ ಮೇಲೆ ಹೊಲಕ್ಕೆ, ಗಣಿಗೆ, ಮನೆಯ ಹಾಸಿಗೆಯ ಅಡಿಗೆ ಹೋಗುವುದು ಸುಲಭವಾಯಿತು. ಕಂಪ್ಲಿಯ ಕಾಲುವೆ ಬಯಲಿನಲ್ಲಿ ನೀರು ನಿಂತ ಗದ್ದೆಗೆ ಬೆನ್ನು ಬಗ್ಗಿಸಿ ಹೆಣ್ಣುಮಕ್ಕಳು ಭತ್ತ ನಾಟಿ ಮಾಡಿ ತಂದ ಕೂಲಿ ಸಂಜೆಯೊಳಗೆ ಪೊಟ್ಟಣವಾಗುತ್ತಿದ್ದುದನ್ನು ಆ ಭಾಗದಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿಗಳು ಶುಲ್ಕ ಕಟ್ಟುವ ತಿಂಗಳಲ್ಲಿ ಹೇಳದೆಯೇ ಹೇಳುತ್ತಿದ್ದರು. ಕುಮಾರರಾಮನ ಶೌರ್ಯದ ಕಥೆಯನ್ನು ಪರೀಕ್ಷೆಗೆ ಬರೆದ ಹುಡುಗನೊಬ್ಬ ಪರೀಕ್ಷಾ ಶುಲ್ಕಕ್ಕೆ ನನ್ನ ಹತ್ತಿರ ಬಂದು, “ನಮ್ಮಪ್ಪನ್ನ ಏನೂ ಕೇಳಬ್ಯಾಡ್ರಿ ಸಾರ್” ಎಂದಷ್ಟೇ ಹೇಳಿ ನಿಂತಿದ್ದ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಹೆಂಗಸರು ಸಂತೋಷಪಟ್ಟರು, ನಾನೂ ಪಟ್ಟೆ. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಲೂ ಗಡಿಯಾಚೆಯ ತಮಿಳು ನಾಡಿನಲ್ಲೂ ಕಳ್ಳಭಟ್ಟಿ ಕುಡಿದ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಬೆರೆತಿದ್ದ ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು, ಬಳಿಕ ಪ್ರಾಣವನ್ನು ತೆಗೆಯುತ್ತದೆ. ಉಳಿದ ಕಡೆ ಸಾರಾಯಿಯ ಪೊಟ್ಟಣದ ಜಾಗಕ್ಕೆ ಕಡಿಮೆ ಬೆಲೆಯ ವಿಸ್ಕಿ ರಮ್ಮುಗಳ ತೊಂಬತ್ತು ಮಿಲಿಲೀಟರಿನ ಕಾಗದದ ಪೊಟ್ಟಣ ಬಂದು ಕುಳಿತಿತು. ಹೆಸರು ವಿದೇಶೀ ಮದ್ಯ. ಬಹುಪಾಲು ನಮ್ಮ ಕಬ್ಬಿನ ಕಾಕಂಬಿಯಿಂದಲೇ ಇಳಿಸಿದ ಮದ್ಯಸಾರ. ಸಾರಾಯಿ ಎಂಬ ಬಡವರ ಹೆಸರು ಅಳಿಸಿತು, ಒಳಗಿನದು ಉಳಿಯಿತು.

ಸಂಡೂರಿನದು ಇನ್ನೊಂದು ಬಗೆ. ಘೋರ್ಪಡೆ ಮನೆತನದ ಆ ಪುಟ್ಟ ಸಂಸ್ಥಾನಕ್ಕೆ 1934ರಲ್ಲಿ ಗಾಂಧೀಜಿ ಬಂದಿದ್ದರು. ದಲಿತರಿಗೆ ದೇವಾಲಯ ಪ್ರವೇಶ ಕೊಟ್ಟುದಕ್ಕಾಗಿ ಅದನ್ನು ಮೆಚ್ಚಿದ್ದರು. ಸೆಪ್ಟೆಂಬರಿನಲ್ಲಿ ಸಂಡೂರನ್ನು ನೋಡಬೇಕೆಂದು ಅವರು ಹೇಳಿದರೆಂಬ ಮಾತು ಈಗಲೂ ಊರವರ ಬಾಯಲ್ಲಿದೆ. ನಾನು ಆ ರಸ್ತೆಯಲ್ಲಿ ಕಂಡದ್ದು ಬೇರೊಂದು ಬಣ್ಣವನ್ನು. 2003ರಿಂದ 2010ರವರೆಗೆ ಚೀನ ದೇಶದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿದಾಗ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಲಾರಿಗಳು ಸಾಲಾಗಿ ನಿಂತು, ಮರದೆಲೆ, ಮನೆ, ಕುರಿಯ ತುಪ್ಪಟ, ಮಕ್ಕಳ ರೆಪ್ಪೆ ಎಲ್ಲವೂ ಕೆಂಪಾಗಿದ್ದವು. ಇಪ್ಪತ್ತು ವರ್ಷದ ಹುಡುಗರ ಕಿಸೆಯಲ್ಲಿ ಅವರ ತಂದೆಯರು ಕಾಣದ ಹಣ. ಪಾಠ ಬಿಟ್ಟು ಲಾರಿ ಹತ್ತಿದವರನ್ನು ನಾನು ತಡೆಯಲಾರದೆ ಹೋದೆ. ನನ್ನ ಸಂಬಳವನ್ನು ಅವರು ಎಣಿಸಿ ನಕ್ಕರು. ಹಗಲು ಧೂಳು, ರಾತ್ರಿ ನಿದ್ದೆಗೇಡು, ಟ್ರಿಪ್ಪಿನ ಲೆಕ್ಕ, ದಾರಿಯ ಪಕ್ಕದ ಡಾಬಾದಲ್ಲಿ ಬಾಟಲಿ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು, ಎರಡು ದಿನಗಳ ಬಳಿಕ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಹಣ ಒಮ್ಮೆಲೇ ಬತ್ತಿತು. ಬಾಟಲಿಯ ಅಭ್ಯಾಸ ಬತ್ತಲಿಲ್ಲ. ಲೂಟಿಯಾದ ಅದಿರಿನ ಲೆಕ್ಕ ವರದಿಯಲ್ಲಿದೆ. ಆ ಏಳೆಂಟು ವರ್ಷಗಳಲ್ಲಿ ಕುಡಿತ ಕಲಿತವರ ಲೆಕ್ಕವನ್ನು ಬರೆಯುವುದು ಯಾವ ಆಯೋಗದ ಕೆಲಸವೂ ಆಗಿರಲಿಲ್ಲ.

ಆ ತಾಯಿಯ ಮಗನೂ, ಗಣಿಗಾರಿಕೆ ಮತ್ತೆ ಆರಂಭವಾದ ಮೇಲೆ, ಪದವಿ ಮುಗಿಸಿ ಕೆಲಸ ಸಿಗದೆ ಸಂಡೂರಿನ ಲಾರಿ ಹತ್ತಿದವನು. ಅಪಘಾತವೊಂದರಲ್ಲಿ ಬೆನ್ನಿಗೆ ಪೆಟ್ಟಾಯಿತು. ಮೂರು ವಾರ ಮಲಗಿದ. ವೈದ್ಯರು ಹತ್ತು ದಿನಕ್ಕೆಂದು ಬಲವಾದ ನೋವಿನ ಗುಳಿಗೆ ಬರೆದುಕೊಟ್ಟರು. ನೋವು ಹೋಯಿತು, ಜೊತೆಗೆ ಮನಸ್ಸಿನ ಬೇಸರವೂ ಹೋದಂತಾಯಿತು ಎಂದು ಅವನೇ ಆಮೇಲೆ ನನಗೆ ಹೇಳಿದ. ಹನ್ನೊಂದನೆಯ ದಿನ ಚೀಟಿಯಿಲ್ಲದೆ ಗುಳಿಗೆ ಕೊಡುವ ಅಂಗಡಿಯೊಂದು ಸಿಕ್ಕಿತು. ಅಫೀಮಿನಂತೆಯೇ ಮಿದುಳಿನ ಮೇಲೆ ಕೆಲಸ ಮಾಡುವ ಈ ಜಾತಿಯ ಗುಳಿಗೆಗಳಲ್ಲಿ ಟ್ರಮಡಾಲನ್ನು 2018ರಲ್ಲಿ ಮಾದಕದ್ರವ್ಯ ಕಾಯಿದೆಯ ಕೆಳಗೆ ತಂದರು. ಆಮೇಲೆ ಟಪೆಂಟಡಾಲ್ ಎಂಬುದರ ದುರುಪಯೋಗ ತಲೆಯೆತ್ತಿತು. ಇದನ್ನು ಇನ್ನೊಂದು ಔಷಧದೊಡನೆ ಬೆರೆಸಿ ನಮ್ಮ ದೇಶದಿಂದ ಪಶ್ಚಿಮ ಆಫ್ರಿಕಕ್ಕೆ ಸಾಗಿಸುತ್ತಿದ್ದುದು ಬಯಲಾಗಿ, 2025ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆ ಮಿಶ್ರಣದ ತಯಾರಿಕೆ ಮತ್ತು ರಫ್ತಿನ ಅನುಮತಿಯನ್ನು ಹಿಂತೆಗೆದುಕೊಂಡಿತು. ಅಲ್ಲಿಯ ಬೀದಿಯ ಹುಡುಗರನ್ನು ಹಾಳುಮಾಡಿದ್ದೂ ಇಲ್ಲಿ ಕಂಪ್ಲಿಯ ಹುಡುಗನನ್ನು ಹಿಡಿದದ್ದೂ ಒಂದೇ ಜಾತಿಯ ಗುಳಿಗೆ. ಇದರಲ್ಲಿ ವಾಸನೆಯಿಲ್ಲ, ಹೊಗೆಯಿಲ್ಲ, ತೂರಾಟವೂ ಕಡಿಮೆ. ಮಾತ್ರೆ ಹೆಚ್ಚಿದಾಗ ಫಿಟ್ಸು ಬರಬಹುದು, ನಿದ್ದೆಯಲ್ಲೇ ಉಸಿರು ನಿಧಾನವಾಗಿ ನಿಂತುಹೋಗಬಹುದು. ಅದರೊಂದಿಗೆ ಮದ್ಯವೋ ನಿದ್ರೆಯ ಗುಳಿಗೆಯೋ ಸೇರಿದರೆ ಈ ಅಪಾಯ ಇಮ್ಮಡಿಯಲ್ಲ, ಹಲವು ಮಡಿ.

ಒಟ್ಟು ದೇಶದ ಪರಿಸ್ಥಿತಿಯನ್ನು ಅಂಕಿಗಳಲ್ಲಿ ನೋಡಬೇಕೆನ್ನುವವರಿಗೆ, ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಕೇಂದ್ರವೊಂದು ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯುಂಟು. ಹತ್ತರಿಂದ ಎಪ್ಪತ್ತೈದು ವಯಸ್ಸಿನವರಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಗಾಂಜಾ, ಭಂಗಿ ಮೊದಲಾದವನ್ನು ಬಳಸುವವರು ಸುಮಾರು 3 ಕೋಟಿ 10 ಲಕ್ಷ. ಅಫೀಮಿನ ಜಾತಿಯವನ್ನು, ಈ ಗುಳಿಗೆಗಳೂ ಸೇರಿ, ಬಳಸುವವರು 2 ಕೋಟಿ 26 ಲಕ್ಷ. ಮದ್ಯದಿಂದ ಹಾನಿಗೊಳಗಾದವರೋ ಅದಕ್ಕೆ ಅಧೀನರಾದವರೋ ಆದವರೇ 5 ಕೋಟಿ 70 ಲಕ್ಷ. ಅಂಟು, ಸೊಲ್ಯೂಷನ್ ಮೊದಲಾದವನ್ನು ಮೂಸುವ ಅಭ್ಯಾಸವೊಂದು ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು ಕಂಡಿತು. ರೈಲ್ವೆ ನಿಲ್ದಾಣದ ಬಳಿ ಪಂಕ್ಚರ್ ಹಾಕುವ ಸೊಲ್ಯೂಷನ್ನನ್ನು ಅರಿವೆಗೆ ಹಚ್ಚಿ ಮೂಸುವ ಹುಡುಗರನ್ನು ಕಂಡವರಿಗೆ ಇದು ಹೊಸತಲ್ಲ. ಹಸಿವು ತಿಳಿಯದಂತಿರಲು ಅವರು ಅದನ್ನು ಮೂಸುತ್ತಾರೆ. ಅದು ಎಳೆಯ ಮಿದುಳನ್ನು ಕರಗಿಸುತ್ತದೆ, ಕೆಲವೊಮ್ಮೆ ಹೃದಯ ಹಠಾತ್ತನೆ ನಿಲ್ಲುತ್ತದೆ.

ಈ ಸಾಲಿನಲ್ಲಿ ಮದ್ಯವೇ ಎಲ್ಲಕ್ಕಿಂತ ಮುಂದಿರುವುದನ್ನು ಓದುಗರು ಗಮನಿಸಬೇಕು. ಯಕೃತ್ತು ಮಾತ್ರವಲ್ಲ, ಗಂಟಲು, ಅನ್ನನಾಳ, ಸ್ತನಗಳ ಕ್ಯಾನ್ಸರಿಗೂ ಅದು ಕಾರಣವಾಗುತ್ತದೆ. ಇಷ್ಟರವರೆಗೆ ಕುಡಿದರೆ ಅಪಾಯವಿಲ್ಲ ಎಂಬ ಅಳತೆಯೇ ಇಲ್ಲವೆಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ಸಂವಿಧಾನದ 47ನೆಯ ವಿಧಿ ಆರೋಗ್ಯಕ್ಕೆ ಹಾನಿಕರವಾದ ಮಾದಕ ಪೇಯಗಳನ್ನೂ ಪದಾರ್ಥಗಳನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ಔಷಧಕ್ಕಲ್ಲದೆ ಅವುಗಳ ಸೇವನೆಯನ್ನು ನಿಲ್ಲಿಸಲು ಯತ್ನಿಸಬೇಕೆಂದು ರಾಜ್ಯಕ್ಕೆ ಹೇಳಿದೆ. ರಾಜ್ಯ ಒಂದನ್ನು ಪೊಲೀಸರಿಗೆ ಒಪ್ಪಿಸಿತು, ಇನ್ನೊಂದನ್ನು ಖಜಾನೆಗೆ. 2025–26ರ ಆಯವ್ಯಯದಲ್ಲಿ ಕರ್ನಾಟಕದ ಅಬಕಾರಿ ವರಮಾನದ ಗುರಿ 40,000 ಕೋಟಿ ರೂಪಾಯಿ. ‘ಗುರಿ’ ಎಂಬ ಮಾತು ನನ್ನದಲ್ಲ, ಸರಕಾರದ್ದೇ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು, ಅವರಲ್ಲಿ ಬಹುಮಂದಿ ರಾಯಚೂರು ಮೊದಲಾದ ನಮ್ಮ ಕಡೆಯ ಜಿಲ್ಲೆಗಳವರು, ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು ಇನ್ನೂರು ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಹೋಗಿ ಮದ್ಯ ನಿಷೇಧವನ್ನು ಕೇಳಿದರು. ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಕದ್ದು ಮಾರುವುದನ್ನಾದರೂ ನಿಲ್ಲಿಸಿ ಎಂಬುದೂ ಅವರ ಕೇಳಿಕೆಗಳಲ್ಲಿತ್ತು. ಪೂರ್ತಿ ನಿಷೇಧವನ್ನು ನಾನು ಬಯಸುವವನಲ್ಲ. ಆ ಫಿಟ್ಟರ ಶೀಶೆಯನ್ನು ಕಂಡವನು ನಾನು. ಆದರೆ ಅವರ ಎರಡನೆಯ ಕೇಳಿಕೆಗೆ ಉತ್ತರ ಕೊಡದಿರಲು ಯಾವ ತತ್ತ್ವವೂ ಅಡ್ಡಬರುವುದಿಲ್ಲ.

ಇನ್ನು ಚಿಕಿತ್ಸೆಯ ಮಾತು. ಅದೇ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಧೀನರಾದ 38 ಜನರಲ್ಲಿ ಒಬ್ಬನಿಗೆ, ಇತರ ಮಾದಕಗಳಿಗೆ ಅಧೀನರಾದ 20 ಜನರಲ್ಲಿ ಒಬ್ಬನಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರೆತಿತ್ತು. ಉಳಿದವರಿಗೆ ದೊರೆಯುವುದೇನು? ಬಸ್ ನಿಲ್ದಾಣದ ಗೋಡೆಯ ಮೇಲೆ ಅಂಟಿಸಿದ ಕಾಗದ: ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು. ಗುಟ್ಟಾಗಿ ಸಾರಿನಲ್ಲಿ ಬೆರೆಸುವ ಇಂಥ ಪುಡಿಗಳಲ್ಲಿ ಡೈಸಲ್ಫಿರಾಮಿನಂಥ ಔಷಧವಿದ್ದರೆ, ಅರಿಯದೆ ಮೇಲೆ ಕುಡಿದವನ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಇಲ್ಲವೆ, ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯುವುದು. ವರ್ಷಗಟ್ಟಲೆ ಅತಿಯಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಕೈ ನಡುಕ, ಫಿಟ್ಸು, ಬೆದರಿಸುವ ಭ್ರಮೆಗಳು ಕಾಣಿಸಿಕೊಂಡು ಸಾಯುವ ಸಂಭವವೂ ಉಂಟು. ಬಿಡಿಸಬೇಕಾದದ್ದು ವೈದ್ಯರ ಕಣ್ಣೆದುರಿನಲ್ಲಿ ಎಂಬುದನ್ನು ನಮ್ಮ ಮನೆಗಳಿಗೆ ಯಾರೂ ಹೇಳಿಲ್ಲ.

ಕಾನೂನಿನ ವಿಷಯದಲ್ಲೂ ಹೀಗೆಯೇ. 1985ರ ಮಾದಕದ್ರವ್ಯ ಕಾಯಿದೆ ಎಂದರೆ ಸೆರೆಮನೆ ಎಂದಷ್ಟೇ ಜನ ಬಲ್ಲರು. ಅದೇ ಕಾಯಿದೆಯ 64ಎ ವಿಧಿಯಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಗೆ ಒಳಗಾದ ವ್ಯಸನಿ ತಾನಾಗಿ ಸರಕಾರದ ಅಥವಾ ಸರಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಈ ವಿಧಿಯನ್ನು ಆ ತಾಯಿಗೆ ಓದಿ ಹೇಳಿದಾಗ ಆಕೆ ನಂಬಲಿಲ್ಲ. “ಪೊಲೀಸ್ರಿಗೆ ತಿಳಿಸಂಗಿಲ್ಲ ಹೌದಲ್ರೀ?” ಎಂದು ಮೂರು ಸಲ ಕೇಳಿದರು. ಮನೋವೈದ್ಯರು ಗೊತ್ತಾದ ದಿನ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವಿದೆ, 14416ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ ಎಂದೆ. ಆಕೆ ಸಂಖ್ಯೆಯನ್ನು ಮೊಬೈಲಿನಲ್ಲಿ ಬರೆಸಿಕೊಳ್ಳಲಿಲ್ಲ. ಮನೆಯವರು ನೋಡುತ್ತಾರೆಂದು ಕಾಗದದ ಚೂರೊಂದರ ಮೇಲೆ ಬರೆಸಿ ಕುಪ್ಪಸದೊಳಗೆ ಇಟ್ಟುಕೊಂಡರು.

ಹುಡುಗ ಆಸ್ಪತ್ರೆಗೆ ಬರಲು ಒಪ್ಪಿದ್ದು ಅದಾಗಿ ಎರಡು ತಿಂಗಳಿಗೆ. ಜೊತೆಗೆ ನಾನೂ ಹೋಗಿದ್ದೆ. ವೈದ್ಯರು ಅವನನ್ನು ಬೈಯಲಿಲ್ಲ. ಗುಳಿಗೆ ಮೊದಲು ಹಿಡಿದದ್ದು ಯಾವ ನೋವಿಗೆಂದು ಕೇಳಿದರು. ಅವನು ಬೆನ್ನಿನ ನೋವು ಎಂದ; ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಯ ಸಾಲ, ಲಾರಿಯ ಕೆಲಸ ಹೋದದ್ದು, ಹೆಂಡತಿಯ ತವರಿನವರ ಮಾತು, ಎಲ್ಲವನ್ನೂ ಹೇಳಿದ. ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಎಂಬ ಔಷಧವನ್ನು ಆಸ್ಪತ್ರೆಯಲ್ಲೇ ಕೊಟ್ಟು, ಮೈಯ ಬೇಡಿಕೆಯನ್ನು ಮೆಲ್ಲಮೆಲ್ಲನೆ ಇಳಿಸುವ ಕ್ರಮವೊಂದುಂಟು. ಒಂದು ಗುಳಿಗೆ ಬಿಡಿಸಿ ಇನ್ನೊಂದು ಕೊಡುವುದೆಂದರೇನು ಎಂದು ನನಗೂ ಮೊದಲು ಅನುಮಾನವಾಗಿತ್ತು. ಸಕ್ಕರೆ ಕಾಯಿಲೆಯವನಿಗೆ ಔಷಧ ಕೊಡುವಾಗ ಹಾಗೆ ಕೇಳುತ್ತೀರಾ ಎಂದು ವೈದ್ಯರು ನನ್ನನ್ನೇ ಕೇಳಿದರು. ಮೂರು ತಿಂಗಳು ಚೆನ್ನಾಗಿ ನಡೆಯಿತು. ಸಂಕ್ರಾಂತಿಯ ಹೊತ್ತಿಗೆ ಮತ್ತೆ ಜಾರಿದ. ಮತ್ತೆ ಹೋದ. ಹೀಗೆ ಜಾರುವುದು ಕಾಯಿಲೆಯ ಸ್ವಭಾವವೇ ಹೊರತು ಚಿಕಿತ್ಸೆ ಸೋತದ್ದರ ಗುರುತಲ್ಲವೆಂದು ವೈದ್ಯರು ಹೇಳುತ್ತಾರೆ. ಊರವರಿಗೆ ಅದು ‘ಚಟ ಬಿಡದವನು’ ಎಂಬ ಮಾತಿಗೆ ಪುರಾವೆ.

ಮೊನ್ನೆ ಆ ತಾಯಿ ಒಂದು ಚೀಲ ಸೋನಾ ಮಸೂರಿ ಅಕ್ಕಿ ಹೊತ್ತು ತಂದರು. ಬೇಡವೆಂದರೂ ಕೇಳದೆ ಅಡುಗೆಮನೆಯ ಬಾಗಿಲಲ್ಲಿ ಇಳಿಸಿದರು. ಮಗ ತಪ್ಪದೆ ಆಸ್ಪತ್ರೆಗೆ ಹೋಗುತ್ತಿದ್ದಾನೆ, ಸೊಸೆ ಒಮ್ಮೆ ಬಂದು ಮಗುವನ್ನು ತೋರಿಸಿ ಹೋದಳು ಎಂದರು. ವಾರವಾರ ಬಸ್ಸು ಹತ್ತುವುದನ್ನು ಕಂಡು ಓಣಿಯವರು ಏನೂ ಕೇಳುವುದಿಲ್ಲವೇ ಎಂದೆ.

“ಕೇಳ್ತಾರ್ರೀ. ಹೊಟ್ಟಿನೋವಿಗೆ ತೋರಿಸ್ತಾನ ಅಂತ ಹೇಳೀನಿ.”